ಕೇಳುವವರಿಲ್ಲದ ಹೊಣೆ

ಕಂಪನಿಯ ನಿರ್ದೇಶಕರು ಯಾರ ಪರವಾಗಿ ಕೆಲಸ ಮಾಡಬೇಕು ಎಂಬ ಪ್ರಶ್ನೆಯ ಮೇಲೆ ಇಬ್ಬರು ಪ್ರಾಧ್ಯಾಪಕರು 1931 ಮತ್ತು 1932ರಲ್ಲಿ 'ಹಾರ್ವರ್ಡ್ ಲಾ ರಿವ್ಯೂ' ಪತ್ರಿಕೆಯ ಪುಟಗಳಲ್ಲಿ ವಾದ ಹೂಡಿದರು. ಒಬ್ಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅಡಾಲ್ಫ್ ಬರ್ಲಿ, ಇನ್ನೊಬ್ಬರು ಹಾರ್ವರ್ಡ್‌ನ ಮೆರಿಕ್ ಡಾಡ್. ನಿರ್ದೇಶಕರ ಕೈಯಲ್ಲಿರುವ ಪ್ರತಿಯೊಂದು ಅಧಿಕಾರವೂ ಷೇರುದಾರರ ಹಿತಕ್ಕಾಗಿ ನಂಬಿ ಒಪ್ಪಿಸಿದ್ದು ಎಂದು ಬರ್ಲಿ ಬರೆದರು. ಕಂಪನಿ ಸಮಾಜದ ನಡುವೆ ಬದುಕುವ ಸಂಸ್ಥೆ, ಅದರ ಮೇಲೆ ಕಾರ್ಮಿಕರಿಗೂ ಗ್ರಾಹಕರಿಗೂ ಊರಿಗೂ ಹಕ್ಕುಂಟು ಎಂದು ಡಾಡ್ ಉತ್ತರಿಸಿದರು. ಅದಕ್ಕೆ ಬರ್ಲಿ ಒಂದು ಚಿಕ್ಕ ಟಿಪ್ಪಣಿಯಲ್ಲಿ ಮರುಮಾತು ಕೊಟ್ಟರು. ಅಮೆರಿಕದ ಕಂಪನಿ ಕಾನೂನಿನ ತರಗತಿಗಳಲ್ಲಿ ಈ ಮೂರು ಬರಹಗಳನ್ನು ಇಂದಿಗೂ ಓದಿಸುತ್ತಾರೆ. ಡಾಡ್ ಉದಾರಿ, ಬರ್ಲಿ ಬಂಡವಾಳಿಗರ ಪರ ಎಂಬಂತೆ ಓದಿಸುವುದೇ ಹೆಚ್ಚು. ಆ ಓದು ತಪ್ಪು ಎಂಬುದು ನನ್ನ ವಾದ. ಬರ್ಲಿ ಆ ಟಿಪ್ಪಣಿಯಲ್ಲಿ ಎತ್ತಿದ ಆಕ್ಷೇಪಕ್ಕೆ ತೊಂಬತ್ತು ವರ್ಷ ಕಳೆದರೂ ಉತ್ತರ ಸಿಕ್ಕಿಲ್ಲ. ಅದು ಸಿಗದಿರುವುದು ಬೇರೆಲ್ಲೂ ಕಾಣದಷ್ಟು ಸ್ಪಷ್ಟವಾಗಿ ಕಾಣುವುದು ನಮ್ಮದೇ 2013ರ ಕಂಪನಿ ಕಾಯ್ದೆಯಲ್ಲಿ.

ಬರ್ಲಿ ಹುಟ್ಟಿದ್ದು 1895ರಲ್ಲಿ, ಬಾಸ್ಟನ್ನಿನಲ್ಲಿ. ಹದಿನಾಲ್ಕಕ್ಕೇ ಹಾರ್ವರ್ಡ್ ಸೇರಿ, 21ನೆಯ ವಯಸ್ಸಿಗೆ ಕಾನೂನು ಪದವಿ ಪಡೆದರು. ಕೆಲಕಾಲ ಲೂಯಿ ಬ್ರಾಂಡೈಸ್ ಕಟ್ಟಿದ ವಕೀಲ ಸಂಸ್ಥೆಯಲ್ಲಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಅಮೆರಿಕದ ನಿಯೋಗದೊಂದಿಗೆ ಹೋದವರು, ಒಪ್ಪಂದದ ಷರತ್ತುಗಳು ಅನ್ಯಾಯದವು ಎನ್ನಿಸಿ ರಾಜೀನಾಮೆ ಕೊಟ್ಟು ಹಿಂದಿರುಗಿದರು. 1927ರಲ್ಲಿ ಕೊಲಂಬಿಯಾ ಸೇರಿದರು. ನಡುವೆ ರೂಸ್‌ವೆಲ್ಟ್ ಅವರ ಸಲಹೆಗಾರರ ಬಳಗ, ವಿದೇಶಾಂಗ ಇಲಾಖೆ, ಬ್ರೆಜಿಲ್ ರಾಯಭಾರ ಎಂದೆಲ್ಲ ಸುತ್ತಿದರೂ ಪಾಠ ಬಿಡಲಿಲ್ಲ, 1964ರವರೆಗೆ ಅಲ್ಲಿಯ ಪ್ರಾಧ್ಯಾಪಕರಾಗಿದ್ದರು. ಇಷ್ಟು ಉದ್ದದ ಬೋಧನಾ ಬದುಕಿನ ಮಧ್ಯದಲ್ಲಿ ನಿಂತಿದ್ದು ಒಂದೇ ಸಂಗತಿ: ತನ್ನದಲ್ಲದ ಹಣವನ್ನು ಆಳುವವನನ್ನು ಯಾರು, ಹೇಗೆ, ಎಲ್ಲಿ ಪ್ರಶ್ನಿಸಬೇಕು? ಕಾನೂನಿನವರು ಫಿಡ್ಯೂಷಿಯರಿ ಹೊಣೆ ಎನ್ನುವುದು ಇದನ್ನೇ. ಇನ್ನೊಬ್ಬರ ನಂಬಿಕೆಯ ಮೇಲೆ ಅಧಿಕಾರ ಪಡೆದವನು ಆ ಅಧಿಕಾರವನ್ನು ಅವರಿಗಾಗಿ ಮಾತ್ರ ಬಳಸಬೇಕು, ತನಗಾಗಿ ಅಲ್ಲ.

ಈ ಹೊಣೆ ಪುಸ್ತಕದ ಆದರ್ಶವಾಗಿ ಹುಟ್ಟಿದ್ದಲ್ಲ, ಮೊಕದ್ದಮೆಗಳಲ್ಲಿ ಬೆಳೆದದ್ದು. 1726ರಲ್ಲಿ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದ ಮುಂದೆ ರಾಮ್‌ಫೋರ್ಡ್ ಸಂತೆಯ ಗುತ್ತಿಗೆಯ ವ್ಯಾಜ್ಯ ಬಂತು. ಒಬ್ಬ ಬಾಲಕನ ಪರವಾಗಿ ಗುತ್ತಿಗೆ ನೋಡಿಕೊಳ್ಳುತ್ತಿದ್ದ ಟ್ರಸ್ಟಿ, ಅವಧಿ ಮುಗಿದಾಗ ನವೀಕರಣ ಕೇಳಿದ. ಬಾಲಕನ ಹೆಸರಿಗೆ ಕೊಡುವುದಿಲ್ಲ ಎಂದು ಸಂತೆಯ ಒಡೆಯ ನಿರಾಕರಿಸಿದ. ಟ್ರಸ್ಟಿ ಅದನ್ನು ತನ್ನ ಹೆಸರಿಗೇ ಮಾಡಿಕೊಂಡ. ಹೇಗೂ ಬಾಲಕನಿಗೆ ಸಿಗುವಂತಿರಲಿಲ್ಲ, ಹಾಗಾಗಿ ಅವನಿಗೆ ನಷ್ಟವೇನೂ ಆಗಲಿಲ್ಲ. ಆದರೂ ಗುತ್ತಿಗೆಯನ್ನೂ ಅದರ ಲಾಭವನ್ನೂ ಬಾಲಕನಿಗೇ ಒಪ್ಪಿಸಬೇಕೆಂದು ಲಾರ್ಡ್ ಚಾನ್ಸಲರ್ ಕಿಂಗ್ ತೀರ್ಪಿತ್ತರು. ಜಗತ್ತಿನಲ್ಲಿ ಯಾರು ಬೇಕಾದರೂ ಆ ಗುತ್ತಿಗೆ ಹಿಡಿಯಬಹುದಿತ್ತು, ಆ ಟ್ರಸ್ಟಿಯೊಬ್ಬನನ್ನು ಬಿಟ್ಟು. 1942ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಇದನ್ನೇ ಹೇಸ್ಟಿಂಗ್ಸ್ ಪಟ್ಟಣದ ಒಂದು ಸಿನಿಮಾ ಕಂಪನಿಯ ನಿರ್ದೇಶಕರಿಗೆ ಅನ್ವಯಿಸಿತು. ಇನ್ನೆರಡು ಚಿತ್ರಮಂದಿರ ಹಿಡಿಯಲು ಉಪಕಂಪನಿ ಮಾಡಿದ್ದರು. ಕಂಪನಿಯಲ್ಲಿ ಸಾಕಷ್ಟು ಹಣವಿಲ್ಲದೆ ನಿರ್ದೇಶಕರು ತಮ್ಮ ಕೈಯಿಂದ ಹಾಕಿದರು, ಮುಂದೆ ಷೇರು ಮಾರಿ ಲಾಭ ಮಾಡಿದರು. ಅವರು ಪ್ರಾಮಾಣಿಕರೇ ಆಗಿದ್ದರು, ಕಂಪನಿಗೆ ನಷ್ಟವಾಗಿರಲಿಲ್ಲ. ಆದರೂ ನಿರ್ದೇಶಕ ಸ್ಥಾನದಿಂದ ಬಂದ ಲಾಭ ಎಂಬ ಒಂದೇ ಕಾರಣಕ್ಕೆ ಅದನ್ನು ಕಕ್ಕಬೇಕಾಯಿತು.

ಇಷ್ಟು ಕಠಿಣವಾದ ನಿಯಮ ಇನ್ನೂರು ವರ್ಷ ಸಡಿಲಾಗದೆ ನಿಂತದ್ದು ಹೇಗೆ? ನ್ಯಾಯಾಧೀಶರ ನೈತಿಕ ನಿಷ್ಠೆ ಒಂದು ಕಾರಣ ಇರಬಹುದು. ಅದಕ್ಕಿಂತ ಗಟ್ಟಿಯಾದ ಕಾರಣ, ಹೊಣೆ ಯಾರಿಗೆ ಸಲ್ಲಬೇಕೆಂಬುದು ಪ್ರತಿ ಪ್ರಕರಣದಲ್ಲೂ ನಿಚ್ಚಳವಾಗಿತ್ತು ಎಂಬುದು. ಬಾಲಕನೊಬ್ಬನಿದ್ದ, ಕಂಪನಿಯೊಂದಿತ್ತು. ಲೆಕ್ಕ ಕೊಡು ಎಂದು ಕಟಕಟೆಗೆ ಬಂದು ಕೇಳಬಲ್ಲವರು ಇದ್ದರು. ಹೊಣೆ ಹೊತ್ತವನ ಎದುರಿಗೆ ಕೇಳುವವನು ನಿಂತಾಗಲೇ ಅದು ಕಾನೂನಿನ ಹೊಣೆ, ಇಲ್ಲವಾದರೆ ಬರಿಯ ಸದಾಶಯ. ಬರ್ಲಿಯ ಚಿಂತನೆಯ ಬುನಾದಿ ಇದು.

1932ರಲ್ಲಿ ಬರ್ಲಿ, ಅರ್ಥಶಾಸ್ತ್ರಜ್ಞ ಗಾರ್ಡಿನರ್ ಮೀನ್ಸ್ ಜೊತೆ ಸೇರಿ 'ದಿ ಮಾಡರ್ನ್ ಕಾರ್ಪೊರೇಷನ್ ಅಂಡ್ ಪ್ರೈವೇಟ್ ಪ್ರಾಪರ್ಟಿ' ಎಂಬ ಪುಸ್ತಕ ಪ್ರಕಟಿಸಿದರು. ಅಮೆರಿಕದ ಬ್ಯಾಂಕೇತರ ಕಂಪನಿಗಳ ಒಟ್ಟು ಸಂಪತ್ತಿನ ಹೆಚ್ಚುಕಡಿಮೆ ಅರ್ಧ ಭಾಗ ಬರೀ 200 ಕಂಪನಿಗಳ ಕೈಯಲ್ಲಿತ್ತು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಆ 200ರಲ್ಲಿ ಶೇ 44ರಷ್ಟು ಕಂಪನಿಗಳನ್ನು ಆಳುತ್ತಿದ್ದವರು ಮಾಲೀಕರಲ್ಲ, ಸಂಬಳದ ವ್ಯವಸ್ಥಾಪಕರು. ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಎಲ್ಲರಿಗಿಂತ ದೊಡ್ಡ ಷೇರುದಾರನ ಪಾಲು ಶೇ 0.34 ಮಾತ್ರ. ಒಡೆತನ ಲಕ್ಷಾಂತರ ಜನರಲ್ಲಿ ಚೂರುಚೂರಾಗಿ ಹಂಚಿಹೋಗಿತ್ತು, ಅಧಿಕಾರ ಬೆರಳೆಣಿಕೆಯ ಜನರ ಕೈಯಲ್ಲಿ ಗಟ್ಟಿಯಾಗಿತ್ತು. ಷೇರುದಾರ ಎಂದರೆ ಸಿರಿವಂತ ಎಂದು ಇಲ್ಲಿ ತಿಳಿಯಬಾರದು. 1929ರ ಕುಸಿತದಲ್ಲಿ ಉಳಿತಾಯ ಕಳೆದುಕೊಂಡ ಸಾಮಾನ್ಯರೂ ಆ ಲಕ್ಷಾಂತರ ಜನರಲ್ಲಿದ್ದರು. ಅವರಿಗೆ ಉತ್ತರ ಕೊಡಬೇಕೆಂಬ ಕಟ್ಟಳೆಯೊಂದೇ ವ್ಯವಸ್ಥಾಪಕರ ಮೇಲೆ ಉಳಿದಿದ್ದ ಹಿಡಿತ.

ಡಾಡ್ ಅವರ ಉತ್ತರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರ ಮಾತಿನಲ್ಲಿ ಮಾನವೀಯತೆ ಇತ್ತು, ಸಮಯಪ್ರಜ್ಞೆಯೂ ಇತ್ತು. ಮಹಾಕುಸಿತದ ನಿರುದ್ಯೋಗ ಬೀದಿಯಲ್ಲಿ ಕಾಣುತ್ತಿದ್ದ ಕಾಲ ಅದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಓವೆನ್ ಯಂಗ್ ಅವರಂಥ ಉದ್ಯಮಿಗಳೇ ತಮ್ಮ ಹೊಣೆ ಷೇರುದಾರರ ಆಚೆಗೂ ಇದೆ ಎಂದು ಹೇಳತೊಡಗಿದ್ದನ್ನು ಡಾಡ್ ಎತ್ತಿ ತೋರಿಸಿದರು. ಬರ್ಲಿ ಆ ಗುರಿಯನ್ನು ಅಲ್ಲಗಳೆಯಲಿಲ್ಲ. ಅವರು ಕೇಳಿದ್ದು ದಾರಿ ಯಾವುದು ಎಂದು. ಬೇರೆಯವರ ಹಕ್ಕನ್ನು ಜಾರಿ ಮಾಡುವ ಸ್ಪಷ್ಟ ವ್ಯವಸ್ಥೆಯೊಂದನ್ನು ಮೊದಲು ಕಟ್ಟದೆ, ಷೇರುದಾರರಿಗೆ ಸಲ್ಲುವ ಹೊಣೆಯನ್ನು ಸಡಿಲಿಸಿದರೆ ಲಾಭವಾಗುವುದು ಕಾರ್ಮಿಕರಿಗಲ್ಲ, ವ್ಯವಸ್ಥಾಪಕರಿಗೆ. ಷೇರುದಾರ ಲಾಭ ಕೇಳಿದರೆ ಕಾರ್ಮಿಕರನ್ನು ತೋರಿಸಬಹುದು, ಕಾರ್ಮಿಕ ಕೂಲಿ ಕೇಳಿದರೆ ಷೇರುದಾರರನ್ನು ತೋರಿಸಬಹುದು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬ ನಮ್ಮ ಗಾದೆ ಈ ಸನ್ನಿವೇಶಕ್ಕೆಂದೇ ಹುಟ್ಟಿದಂತಿದೆ. ಅದೇ ವರ್ಷ ಬಂದ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಬರ್ಲಿ ಮತ್ತು ಮೀನ್ಸ್, ಸಮುದಾಯದ ಹಿತ ಒಡೆಯರ ಹಕ್ಕಿಗಿಂತಲೂ ವ್ಯವಸ್ಥಾಪಕರ ಅಧಿಕಾರಕ್ಕಿಂತಲೂ ಮೇಲಿನದು ಎಂದು ಬರೆದರು ಎಂಬುದನ್ನು ಮರೆತವರೇ ಬರ್ಲಿಯನ್ನು ಬಂಡವಾಳದ ವಕೀಲ ಎನ್ನುತ್ತಾರೆ.

ಮುಂದೆ ಇಬ್ಬರೂ ತಮ್ಮ ನಿಲುವಿನಿಂದ ಸರಿದರು. ಡಾಡ್ 1935ರಲ್ಲೇ ಷಿಕಾಗೊ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ, ವ್ಯವಸ್ಥಾಪಕರ ಮೇಲೆ ಇಂಥ ಹೊಣೆಯನ್ನು ನಿಜಕ್ಕೂ ಜಾರಿಗೊಳಿಸಲು ಸಾಧ್ಯವೇ ಎಂದು ತಾವೇ ಪ್ರಶ್ನಿಸಿದರು. ಇತ್ತ 1953ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಒಂದು ಕಂಪನಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟ 1,500 ಡಾಲರ್ ದೇಣಿಗೆಯನ್ನು ಷೇರುದಾರರ ಆಕ್ಷೇಪ ತಳ್ಳಿಹಾಕಿ ಎತ್ತಿಹಿಡಿಯಿತು. ಮರುವರ್ಷದ ಪುಸ್ತಕದಲ್ಲಿ ಬರ್ಲಿ, ವಾದ ಸದ್ಯಕ್ಕೆ ಡಾಡ್ ಪರವಾಗಿ ಇತ್ಯರ್ಥವಾಗಿದೆ ಎಂದು ಒಪ್ಪಿಕೊಂಡರು. ಡಾಡ್ ಅದನ್ನು ಓದಲಿಲ್ಲ, 1951ರಲ್ಲೇ ತೀರಿಹೋಗಿದ್ದರು. ಆದರೆ 1959ರಲ್ಲಿ ಇನ್ನೊಂದು ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ಬರ್ಲಿ ತಮ್ಮ ಒಪ್ಪಿಗೆಗೆ ಗೆರೆ ಎಳೆದರು: ಲೋಕ ಹಾಗೆ ನಡೆಯುತ್ತಿದೆ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ ಎಂದು ತಾವು ಒಪ್ಪಿದ್ದೇ ಹೊರತು ಅದೇ ಸರಿಯಾದದ್ದು ಎಂದು ಒಪ್ಪಿಲ್ಲ. ಮೂವತ್ತು ವರ್ಷದ ಹಿಂದಿನ ತನ್ನ ಆಕ್ಷೇಪದ ಯಾವ ಭಾಗ ಬಿದ್ದುಹೋಯಿತು, ಯಾವುದು ಉಳಿಯಿತು ಎಂದು ಸಾರ್ವಜನಿಕವಾಗಿ ಲೆಕ್ಕ ಕೊಡುವ ಈ ಗುಣಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಕಕ್ಷಿದಾರನಿರುವ ವಕೀಲನಿಗೆ ಇದು ಸಾಧ್ಯವಿಲ್ಲ, ಮುಂದಿನ ಚುನಾವಣೆಯಿರುವ ಶಾಸಕನಿಗೂ ಕಷ್ಟ. ಕಾನೂನು ಪ್ರಾಧ್ಯಾಪಕನ ಬದುಕಿಗೆ ಸಮಾಜ ಸಂಬಳ ಕೊಡುವುದು ಇದಕ್ಕಾಗಿಯೇ.

ಬರ್ಲಿಯ ಆಕ್ಷೇಪಕ್ಕೆ ಇತ್ತೀಚಿನ ಪುರಾವೆಯೂ ಇದೆ. 2019ರ ಆಗಸ್ಟ್ 19ರಂದು ಅಮೆರಿಕದ ಬಿಸಿನೆಸ್ ರೌಂಡ್‌ಟೇಬಲ್ ಸಂಘಟನೆಯ 181 ಸಿಇಒಗಳು, ಕಂಪನಿ ಇರುವುದು ಗ್ರಾಹಕರು, ನೌಕರರು, ಪೂರೈಕೆದಾರರು, ಸಮುದಾಯ, ಷೇರುದಾರರು ಎಲ್ಲರಿಗಾಗಿ ಎಂಬ ಹೇಳಿಕೆಗೆ ಸಹಿ ಹಾಕಿದರು. ಪತ್ರಿಕೆಗಳು ಇದನ್ನು ಹೊಸ ಯುಗ ಎಂದು ಬರೆದವು. ಹಾರ್ವರ್ಡ್‌ನ ಲೂಸಿಯನ್ ಬೆಬ್‌ಚುಕ್ ಮತ್ತು ರಾಬರ್ಟೊ ತಲ್ಲರಿಟಾ ಆ ಕಂಪನಿಗಳನ್ನು ವಿಚಾರಿಸಿದಾಗ, ಉತ್ತರಿಸಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಹಿಗೆ ಮೊದಲು ಆಡಳಿತ ಮಂಡಳಿಯ ಒಪ್ಪಿಗೆ ಪಡೆದಿರಲಿಲ್ಲ. ಕಂಪನಿಯ ಉದ್ದೇಶವೇ ಬದಲಾಗುವ ನಿರ್ಧಾರವಾಗಿದ್ದರೆ ಮಂಡಳಿಯ ಮುಂದೆ ಬಾರದೆ ಇರುತ್ತಿತ್ತೆ?

ಈಗ ನಮ್ಮ ಕಾಯ್ದೆಗೆ ಬರೋಣ. ಇಂಗ್ಲೆಂಡಿನ 2006ರ ಕಂಪನಿ ಕಾಯ್ದೆಯಲ್ಲಿ ನಿರ್ದೇಶಕನ ಗುರಿ ಸದಸ್ಯರ ಹಿತವೇ. ನೌಕರರು, ಪರಿಸರ ಮುಂತಾದವನ್ನು ಆ ಗುರಿಯತ್ತ ಸಾಗುವಾಗ ಗಮನದಲ್ಲಿ ಇಟ್ಟುಕೊಳ್ಳಬೇಕು, ಅಷ್ಟೆ. ನಮ್ಮ ಸಂಸತ್ತು ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟಿತು. 2013ರ ಕಾಯ್ದೆಯ 166ನೇ ಸೆಕ್ಷನ್ನಿನ ಎರಡನೇ ಉಪವಿಧಿಯ ಪ್ರಕಾರ ನಿರ್ದೇಶಕ ಕಂಪನಿ, ಅದರ ನೌಕರರು, ಷೇರುದಾರರು, ಸಮುದಾಯ ಇವರೆಲ್ಲರ ಹಿತಕ್ಕಾಗಿ ಮತ್ತು ಪರಿಸರ ರಕ್ಷಣೆಗಾಗಿ ಸದ್ಭಾವನೆಯಿಂದ ನಡೆದುಕೊಳ್ಳಬೇಕು. ಇದರಲ್ಲಿ ಯಾರೂ ಮೊದಲಿಗರಲ್ಲ, ಯಾರೂ ಕೊನೆಯವರಲ್ಲ. ಡಾಡ್ ಕಂಡ ಕನಸು ಇಷ್ಟು ನೇರವಾಗಿ ಶಾಸನದ ಮಾತಾದದ್ದು ಅಪರೂಪ. ಇದು ಹೆಮ್ಮೆಪಡಬೇಕಾದ ಸಾಲು ಎಂದೇ ನಾನು ನಂಬಿದ್ದೇನೆ. ಅದಕ್ಕಾಗಿಯೇ ಅದರ ಮುಂದಿನ ಪುಟಗಳು ನೋವು ಕೊಡುತ್ತವೆ. ಹೊಣೆ ತಪ್ಪಿದ ನಿರ್ದೇಶಕನಿಗೆ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದೇ ಸೆಕ್ಷನ್ ಹೇಳುತ್ತದೆ. ಆದರೆ ದೂರು ಕೊಡಬಲ್ಲವರು ಯಾರು? 439ನೇ ಸೆಕ್ಷನ್ನಿನ ಪ್ರಕಾರ ಕಂಪನಿ ರಿಜಿಸ್ಟ್ರಾರ್, ಷೇರುದಾರ ಅಥವಾ ಸದಸ್ಯ, ಇಲ್ಲವೆ ಕೇಂದ್ರ ಸರ್ಕಾರ ಅಧಿಕಾರ ಕೊಟ್ಟವರು. ಕಂಪನಿಯ ಹಿತಕ್ಕೆ ಧಕ್ಕೆ ತರುವ ನಡೆಯ ವಿರುದ್ಧ ಗುಂಪಾಗಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಲು 245ನೇ ಸೆಕ್ಷನ್ ಅವಕಾಶ ಕೊಟ್ಟಿದೆ, ಅದೂ ಸದಸ್ಯರಿಗೆ ಮತ್ತು ಠೇವಣಿದಾರರಿಗೆ. ದಬ್ಬಾಳಿಕೆಯ ಆಡಳಿತದ ವಿರುದ್ಧದ 241ನೇ ಸೆಕ್ಷನ್ನಿನ ಅರ್ಜಿಯನ್ನು ಸದಸ್ಯರು ಹಾಕಬಹುದು, ಸರ್ಕಾರ ಹಾಕಬಹುದು. ಹೆಸರಿಟ್ಟು ಕರೆದ ನೌಕರನಿಗೆ, ಊರಿಗೆ, ಕೆರೆಗೆ ಕಾಯ್ದೆಯೊಳಗೆ ಬಾಗಿಲೇ ಇಲ್ಲ.

ಕಿಂಗ್‌ಫಿಷರ್ ಏರ್‌ಲೈನ್ಸ್ ನೌಕರರನ್ನು ನೆನೆಯಿರಿ. ಬೆಂಗಳೂರಿನ ಸಮೂಹವೊಂದರ ಆ ವಿಮಾನಯಾನ ಕಂಪನಿ 2012ರಲ್ಲಿ ಹಾರಾಟ ನಿಲ್ಲಿಸುವ ಹೊತ್ತಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿದಿತ್ತು. ಕಂಪನಿಯನ್ನು ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರಲ್ಲಿ. ಹಾರಾಟ ನಿಂತಾಗ 166ನೇ ಸೆಕ್ಷನ್ ಇನ್ನೂ ಜಾರಿಯಲ್ಲಿರಲಿಲ್ಲ, ನಿಜ. ಇದ್ದಿದ್ದರೂ ಆ ನೌಕರರು ನಿರ್ದೇಶಕರ ತೀರ್ಮಾನಗಳನ್ನು ಅದರ ಹೆಸರಿನಲ್ಲಿ ತಾವೇ ಪ್ರಶ್ನಿಸುವಂತಿರಲಿಲ್ಲ. ಬಾಕಿಗಾಗಿ ಕಾರ್ಮಿಕ ಕಾನೂನಿನ ಬಾಗಿಲು ತಟ್ಟಬಹುದಿತ್ತು, ಕಂಪನಿ ಮುಚ್ಚಿದ ಮೇಲೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬಹುದಿತ್ತು.

ಇದಕ್ಕೆ ಬಲವಾದ ಒಂದು ಪ್ರತಿವಾದವಿದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಬಯಲುಸೀಮೆಯವರು ಎರೆಭೂತ ಎನ್ನುವ ಹಕ್ಕಿ, ರಾಜಸ್ಥಾನ ಮತ್ತು ಗುಜರಾತಿನಲ್ಲಿ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತಿರುವ ಬಗ್ಗೆ ಎಂ.ಕೆ. ರಂಜಿತ್‌ಸಿನ್ಹ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಏಪ್ರಿಲ್ ಆದೇಶದಲ್ಲಿ ನ್ಯಾಯಾಲಯ ಇದೇ 166ನೇ ಸೆಕ್ಷನ್ನನ್ನು ಎತ್ತಿ, ಪರಿಸರ ರಕ್ಷಣೆ ನಿರ್ದೇಶಕರ ಹೊಣೆಯೂ ಹೌದು ಎಂದಿತು. ಹಾಗಿದ್ದರೆ ಈ ಉಪವಿಧಿಗೆ ಹಲ್ಲಿಲ್ಲ ಎನ್ನುವುದು ಹೇಗೆ? ಆ ಮಾತನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅರ್ಜಿ ಯಾವ ದಾರಿಯಿಂದ ಬಂತು ಎಂದು ನೋಡಬೇಕು. ಅದು ಸಂವಿಧಾನದಡಿಯ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಯಾವುದೋ ಮಂಡಳಿಯ ಯಾವುದೋ ತೀರ್ಮಾನದ ಮೇಲೆ ನಿರ್ದೇಶಕರನ್ನು ಲೆಕ್ಕ ಕೇಳಿದ ದಾವೆಯಲ್ಲ. ಕಂಪನಿ ಕಾಯ್ದೆ ಅಲ್ಲಿ ಆಸರೆಯ ಮಾತಾಗಿ ಬಂತು. ಅಪರೂಪದ ಹಕ್ಕಿಗೆ ಸುಪ್ರೀಂ ಕೋರ್ಟ್ ಸಿಕ್ಕೀತು, ಜಿಲ್ಲೆಯೊಂದರ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನಿಗೆ ಆ ದೂರ ಹೆಚ್ಚು.

ಇನ್ನೊಂದು ಆಕ್ಷೇಪ ಉದ್ಯಮದ ಕಡೆಯಿಂದ ಬರುತ್ತದೆ. ಎಲ್ಲರಿಗೂ ದಾವೆಯ ಹಕ್ಕು ಕೊಟ್ಟರೆ ಯಾವ ನಿರ್ದೇಶಕನೂ ಧೈರ್ಯವಾಗಿ ತೀರ್ಮಾನ ತೆಗೆದುಕೊಳ್ಳಲಾರ, ಒಳ್ಳೆಯವರು ಮಂಡಳಿಗೇ ಬರಲಾರರು ಎಂಬುದು. ಈ ಭಯ ಪೂರ್ತಿ ಸುಳ್ಳಲ್ಲ. ಆದರೆ ಸದ್ಭಾವನೆಯಿಂದ ಮಾಡಿದ ವ್ಯಾಪಾರದ ತೀರ್ಮಾನ ಕೈಕೊಟ್ಟಿತೆಂದು ನ್ಯಾಯಾಲಯಗಳು ನಿರ್ದೇಶಕರನ್ನು ಶಿಕ್ಷಿಸುವುದಿಲ್ಲ. ಶಿಕ್ಷೆ ಸ್ವಂತ ಲಾಭಕ್ಕೆ, ಹಿತಾಸಕ್ತಿಯ ಸಂಘರ್ಷಕ್ಕೆ, ತೀರಾ ನಿರ್ಲಕ್ಷ್ಯಕ್ಕೆ. ಅರ್ಜಿಗೆ ಮೊದಲು ನ್ಯಾಯಮಂಡಳಿಯ ಅನುಮತಿ ಬೇಕು ಎಂದರೆ ಪೊಳ್ಳು ದಾವೆಗಳು ಅಲ್ಲೇ ನಿಲ್ಲುತ್ತವೆ. ದಾವೆಯೇ ಏಕೈಕ ದಾರಿ ಎಂದೂ ಅಲ್ಲ. ಜರ್ಮನಿಯಲ್ಲಿ 1976ರ ಕಾಯ್ದೆಯಿಂದ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ನೌಕರರ ಪ್ರತಿನಿಧಿಗಳದ್ದು. ನಮ್ಮಲ್ಲೂ 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆ ಆಡಳಿತ ಮಂಡಳಿಯಲ್ಲಿ ನೌಕರ ನಿರ್ದೇಶಕನಿಗೆ ಕುರ್ಚಿ ಇಟ್ಟಿತು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳಿಗೂ ಅದು ಅನ್ವಯಿಸಿತು. ಮುಂದೆ ಸರ್ಕಾರಿ ಬ್ಯಾಂಕುಗಳಲ್ಲಿ ಆ ಕುರ್ಚಿಗಳು ವರ್ಷಗಟ್ಟಲೆ ಖಾಲಿ ಉಳಿದು ನೌಕರ ಸಂಘಗಳು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕುರ್ಚಿಯನ್ನು ತುಂಬದಿರುವ ಸರ್ಕಾರವನ್ನು ದೂರಬಹುದು, ಆದರೆ ಕುರ್ಚಿ ಎಂಬುದೊಂದು ಇದ್ದದ್ದರಿಂದಲೇ ಅದನ್ನು ಕೇಳಿ ಹೋಗುವುದೂ ಸಾಧ್ಯವಾಯಿತು.

ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 1982ರ ತೀರ್ಪೊಂದನ್ನು ಕಾನೂನು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಬೇಕು. ಕಂಪನಿಯನ್ನು ಮುಚ್ಚುವ ಅರ್ಜಿಯ ವಿಚಾರಣೆಯಲ್ಲಿ ಕಾರ್ಮಿಕರ ಮಾತನ್ನೂ ಕೇಳಬೇಕೆ ಎಂಬುದು ನ್ಯಾಷನಲ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಪ್ರಕರಣದ ಪ್ರಶ್ನೆ. ಕೇಳಲೇಬೇಕು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಸೇರಿ ಮೂವರು ಹೇಳಿದರು. ಭಿನ್ನಮತ ಬರೆದ ಇಬ್ಬರಲ್ಲಿ ಒಬ್ಬರು, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಕನ್ನಡಿಗ ಇ.ಎಸ್. ವೆಂಕಟರಾಮಯ್ಯ. ಯಾರು ಅರ್ಜಿ ಹಾಕಬಹುದು, ಯಾರ ಮಾತು ಕೇಳಬೇಕು ಎಂಬುದು ಕಾಯ್ದೆ ಗೊತ್ತುಮಾಡುವ ಸಂಗತಿ ಎಂಬ ಶಿಸ್ತಿನ ನಿಲುವು ಅದು. ನನ್ನ ಮನಸ್ಸು ಭಗವತಿಯವರ ತೀರ್ಪಿನ ಕಡೆಗಿದೆ. ಆದರೆ ವೆಂಕಟರಾಮಯ್ಯನವರ ಭಿನ್ನಮತ ಸಂಸತ್ತಿಗೆ ತೋರಿಸಿದ ಕೆಲಸ ಇಂದಿಗೂ ಬಾಕಿ ಇದೆ ಎಂಬುದೂ ಅಷ್ಟೇ ನಿಜ. ಸಂಸತ್ತು ಕೆಲಸ ಮಾಡಲಿಲ್ಲ ಎಂದಲ್ಲ: 1985ರ ತಿದ್ದುಪಡಿ ಮುಚ್ಚುವ ಕಂಪನಿಯ ಆಸ್ತಿಯಲ್ಲಿ ಕಾರ್ಮಿಕರ ಬಾಕಿಯನ್ನು ಭದ್ರತೆಯುಳ್ಳ ಸಾಲದ ಸಮಕ್ಕೆ ತಂದಿತು. 2019ರಲ್ಲಿ ಜೆ.ಕೆ. ಜೂಟ್ ಮಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನ್ನ ಸದಸ್ಯರ ಬಾಕಿಗಾಗಿ ಕಾರ್ಮಿಕ ಸಂಘವೇ ದಿವಾಳಿ ಸಂಹಿತೆಯಡಿ ಅರ್ಜಿ ಹಾಕಬಹುದು ಎಂದಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕಂಪನಿ ಸಾಯುವಾಗ ಕಾರ್ಮಿಕನಿಗೆ ಬಾಯಿ ಇದೆ. ಅದನ್ನು ಸಾವಿನತ್ತ ಒಯ್ಯುವ ತೀರ್ಮಾನಗಳು ಮಂಡಳಿಯ ಮೇಜಿನ ಮೇಲೆ ಆಗುವಾಗ, ಅಂದರೆ 166ನೇ ಸೆಕ್ಷನ್ ಅವನ ಹೆಸರು ಹೇಳುವ ಹೊತ್ತಿನಲ್ಲೇ, ಬಾಯಿ ಇಲ್ಲ.

ನಮ್ಮ ಕಾನೂನು ಶಾಲೆಗಳಿಂದ ನಾನು ಬಯಸುವ ಕೆಲಸ ಇಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1980ರ ದಶಕದ ಕೊನೆಯಲ್ಲಿ ಶುರುವಾದಾಗಿನಿಂದ ಕಂಪನಿ ಕಾನೂನಿನಲ್ಲಿ ಪಳಗಿದ ಚುರುಕು ತಲೆಗಳು ದೊಡ್ಡ ವಕೀಲ ಸಂಸ್ಥೆಗಳ ಕಡೆಗೆ ಸಾಗಿವೆ. ಅಲ್ಲಿ ಅವರ ಕೌಶಲ ನಿರ್ದೇಶಕರ ಪರವಾಗಿ ಖರ್ಚಾಗುತ್ತದೆ, ಅದು ಅವರ ವೃತ್ತಿಯ ಸಹಜ ಧರ್ಮ. ಎದುರು ಬದಿಯ ಪ್ರಶ್ನೆಗೆ ಮೂವತ್ತು ವರ್ಷ ಅಂಟಿಕೊಂಡು ಕೂರುವವರು ಕೆಲವರಾದರೂ ಬೇಕು. 245ನೇ ಸೆಕ್ಷನ್ನಿನ ಪಟ್ಟಿಗೆ ನೋಂದಾಯಿತ ಕಾರ್ಮಿಕ ಸಂಘವನ್ನು ಸೇರಿಸಿದರೆ ಯಾವ ಬಗೆಯ ತೀರ್ಮಾನಗಳನ್ನು ಪ್ರಶ್ನಿಸಲು ಬಿಡಬೇಕು, ಯಾವುದನ್ನು ಬಿಡಬಾರದು? ಷೇರುದಾರನ ಹಿತವೂ ನೌಕರನ ಹಿತವೂ ಎದುರಾದಾಗ ಮಂಡಳಿ ತನ್ನ ಕಾರಣಗಳನ್ನು ಬರೆದಿಡಬೇಕೆ, ಆ ಕಾರಣಗಳನ್ನು ಯಾರಿಗೆ ತೋರಿಸಬೇಕು? ಊರಿನ ನೀರು ಕೆಟ್ಟಾಗ ಊರಿನ ಪರವಾಗಿ ಮಾತಾಡುವವರು ಪಂಚಾಯಿತಿಯೋ, ಬಾಧಿತರ ಗುಂಪೋ? ಇವುಗಳಿಗೆ ಉತ್ತರ ಒಂದು ತಿದ್ದುಪಡಿ ಮಸೂದೆಯ ಅವಸರದಲ್ಲಿ ಹುಟ್ಟುವುದಿಲ್ಲ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಆದೇಶಗಳನ್ನು ವರ್ಷ ವರ್ಷ ಓದಿ, ವರ್ಗೀಕರಿಸಿ, ವಾದಿಸಿ, ಬೇರೆಯವರ ವಾದಕ್ಕೆ ಸೋತು, ತಿದ್ದಿ ಬರೆಯುವವರ ಕೈಯಲ್ಲಿ ಹುಟ್ಟಬೇಕು. 166ನೇ ಸೆಕ್ಷನ್ ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಂದು, ಅದರ ಎರಡನೇ ಉಪವಿಧಿ ಓದಲು ಅರ್ಧ ನಿಮಿಷ ಸಾಕು. ಅದರಲ್ಲಿ ಹೆಸರಿಸಿದ ನೌಕರನೊಬ್ಬ ಆ ಉಪವಿಧಿಯ ಬಲದಿಂದ ನಿರ್ದೇಶಕನನ್ನು ಲೆಕ್ಕ ಕೇಳುವ ಅರ್ಜಿಯ ನಮೂನೆಯನ್ನು ಯಾರಾದರೂ ಬರೆದು ತೋರಿಸಬೇಕಾಗಿದೆ.